ಒಂದೇ ಮನೆಯಲ್ಲಿ ಎರಡು ತಕ್ಕಡಿ

ಹೇಮಗುಡ್ಡದ ದಸರೆಯ ಅಂಬಾರಿಯನ್ನು ಕಾಣಲು ಗಂಗಾವತಿ ಸೀಮೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೋಗುತ್ತಾರೆ. ಬಳೆ ಇಡಿಸಿಕೊಳ್ಳುತ್ತಾರೆ, ಮಂಡಕ್ಕಿ-ಮಿರ್ಚಿ ತಿನ್ನುತ್ತಾರೆ, ಮನಸಾರೆ ನಗುತ್ತಾರೆ, ಹೊತ್ತು ಮುಳುಗಿದ ಮೇಲೆ ಮನೆ ಸೇರುತ್ತಾರೆ. ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಅದೇ ಸೀಮೆಯ ಹುಡುಗಿ ಓದು ಮುಗಿಸಿ, ಬೆಂಗಳೂರಿನಲ್ಲಿ ನೌಕರಿ ಹಿಡಿದು, ಭಾನುವಾರ ಗೆಳತಿಯರೊಡನೆ ನಾಟಕಕ್ಕೋ ಸಿನಿಮಾಕ್ಕೋ ಹೋದಳೆಂದರೆ ಮಾತ್ರ ಊರಿನ ಬಸದಿಯ ಜಗಲಿಯಲ್ಲಿ ವಿಚಾರಣೆ ಆರಂಭವಾಗುತ್ತದೆ. ಜಾತ್ರೆಯ ನಗು ನಿರ್ದೋಷ, ನಗರದ ನಗು ಸದೋಷ ಎಂಬ ಈ ತೀರ್ಪಿಗೆ ಯಾವ ಆಗಮದ ಆಧಾರವಿದೆ?

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಳ್ಳುವಾಗ ಒಂದು ತೂಕ, ಮಾರುವಾಗ ಮತ್ತೊಂದು ತೂಕ ಇಡುವುದು ಶ್ರಾವಕನಿಗೆ ಸಲ್ಲದು. ಅಂಗಡಿಯಲ್ಲಿ ಈ ನಿಯಮಕ್ಕೆ ತಲೆಬಾಗುವ ಗೃಹಸ್ಥರು ಮನೆಯೊಳಗೆ ಎರಡು ತಕ್ಕಡಿಗಳನ್ನು ತೂಗುಹಾಕಿದ್ದಾರೆ. ಮಗ ನಡುರಾತ್ರಿ ಬಂದರೆ ‘ವ್ಯವಹಾರಸ್ಥ’. ಮಗಳು ಎಂಟು ಗಂಟೆಗೆ ಬಂದರೆ ‘ಹದ್ದು ಮೀರಿದವಳು’. ಮಗ ಕ್ರಿಕೆಟ್ ಪಂದ್ಯದ ಮೇಲೆ ಹಣ ಕಟ್ಟಿದರೆ ವಯಸ್ಸಿನ ಚಾಪಲ್ಯ. ಮಗಳು ಸಂಗೀತ ಕಛೇರಿಗೆ ಟಿಕೆಟ್ ಕೊಂಡರೆ ದುಂದುವೆಚ್ಚ.

ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಎಂಬ ಸಪ್ತವ್ಯಸನಗಳನ್ನು ಬಾಲ್ಯದಿಂದಲೂ ಕಂಠಪಾಠ ಮಾಡಿದವರು ಒಮ್ಮೆ ಯೋಚಿಸಲಿ. ಈ ಏಳರಲ್ಲಿ ಹೆಣ್ಣಿಗೆ ಮಾತ್ರ ಹೇಳಿದ್ದು ಯಾವುದು? ಒಂದೂ ಇಲ್ಲ. ಗಂಡಸನ್ನೇ ಕುರಿತು ಹೇಳಿದವು ಅದರಲ್ಲಿವೆ.

‘ಹಾಗಾದರೆ ಹೆಣ್ಣುಮಕ್ಕಳು ಪಬ್ಬಿಗೆ ಹೋಗಬಹುದೇ?’ ಎಂದು ಕೆಲವರು ಕೂಡಲೇ ಕೇಳುತ್ತಾರೆ. ಮದ್ಯ ಶ್ರಾವಿಕೆಗೆ ವರ್ಜ್ಯ, ಶ್ರಾವಕನಿಗೂ ಅಷ್ಟೇ ವರ್ಜ್ಯ, ಇದರಲ್ಲಿ ರಾಜಿಯಿಲ್ಲ. ಆದರೆ 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ‘ಸಂಸ್ಕೃತಿ’ಯ ಹೆಸರು ಹೇಳಿ ಯುವತಿಯರನ್ನು ಅಟ್ಟಾಡಿಸಿ ಹೊಡೆದುದನ್ನು ನಾಡೆಲ್ಲ ದೂರದರ್ಶನದಲ್ಲಿ ಕಂಡಿತು. 2012ರ ಜುಲೈಯಲ್ಲಿ ಅದೇ ನಗರದ ಪಡೀಲಿನಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ದಾಳಿ ನಡೆಯಿತು. 2009ರ ಪ್ರಕರಣದ ಆರೋಪಿಗಳನ್ನು ಸಾಕ್ಷ್ಯದ ಕೊರತೆಯಿಂದ 2018ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಧರ್ಮದ ಮಾತು ಮುಗಿಯಲಿಲ್ಲ. ‘ಅಂಥವರಿಗೆ ಹಾಗೇ ಆಗಬೇಕು’ ಎಂದು ಮನೆಯಲ್ಲಿ ಕುಳಿತು ಮೆಚ್ಚಿದವರೂ ಹಿಂಸೆಯಲ್ಲಿ ಪಾಲುದಾರರು. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಬಂಧವೆಂಬುದು ಜೈನರ ಮಕ್ಕಳಿಗೂ ತಿಳಿದ ಸಂಗತಿ.

ಹಿಂಸೆಗೆ ಕೈ ಎತ್ತಬೇಕೆಂದೇನಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಬಂಧವನ್ನು. ಪ್ರಾಣಿಯನ್ನು ಇಚ್ಛೆಗೆ ವಿರುದ್ಧವಾಗಿ ಕಟ್ಟಿಹಾಕುವುದನ್ನು. ದನವನ್ನು ಬಿಗಿದು ಕಟ್ಟಲು ಅಳುಕುವ ಮನೆಯಲ್ಲಿ ಮಗಳನ್ನು ಕೂಡಿಹಾಕುವುದು ಹೇಗೆ ಒಪ್ಪಿತವಾಯಿತು? ಪರರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನ ಸತ್ಯಾಣುವ್ರತದ ಅತಿಚಾರ; ಹುರುಳಿಲ್ಲದ ಹರಟೆಯಾದ ಮೌಖರ್ಯ ಅನರ್ಥದಂಡವ್ರತದ ಅತಿಚಾರ. ಹುಡುಗಿ ಯಾರೊಡನೆ ಕಾಫಿ ಕುಡಿದಳೆಂದು ಊರಿಂದೂರಿಗೆ ಸುದ್ದಿ ಸಾಗಿಸುವವರು ಆಕೆಯ ಶೀಲವನ್ನು ಅಳೆಯುವ ಮೊದಲು ತಮ್ಮ ವ್ರತದ ಲೆಕ್ಕವನ್ನು ನೋಡಿಕೊಳ್ಳಲಿ.

ಜೈನಪರಂಪರೆ ಹೆಣ್ಣಿನ ವಿದ್ಯೆಗೂ ಕಲೆಗೂ ಅಂಜಿದುದಲ್ಲ. ಆದಿನಾಥನು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದನೆಂದು ಪುರಾಣಗಳು ಸಾರುತ್ತವೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲೆ ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ, ಜಿನಭಕ್ತಿಯಲ್ಲಿಯೂ ಅಗ್ರಗಣ್ಯೆ. ಮಹಾತೀರ್ಥವೆನಿಸಿದ್ದ ಕೊಪಣದ ಸೀಮೆಯವರು ಇದನ್ನು ಮರೆಯುವುದು ಶೋಭೆಯಲ್ಲ.

ತಂದೆತಾಯಿಗಳ ಅಂಜಿಕೆ ಸುಳ್ಳಲ್ಲ. ನಗರದ ಬೀದಿಗಳು ಸುರಕ್ಷಿತವೂ ಅಲ್ಲ. ಆದರೆ ಬೈಗುಳಕ್ಕೆ ಹೆದರಿದ ಮಗಳು ಮನೆಗೆ ಹೇಳುವುದನ್ನು ನಿಲ್ಲಿಸುತ್ತಾಳೆ, ಹೋಗುವುದನ್ನಲ್ಲ. ಆಪತ್ತು ಬಂದಾಗ ತಂದೆಗೆ ದೂರವಾಣಿ ಮಾಡಲು ಹಿಂಜರಿಯುವವಳೇ ನಿಜವಾಗಿ ಅಸುರಕ್ಷಿತೆ. ಭೋಗೋಪಭೋಗಕ್ಕೆ ಪರಿಮಾಣ ಬೇಕು ನಿಜ. ಆದರೆ ವ್ರತವೆಂದರೆ ತಾನಾಗಿ ಕೈಗೊಂಡ ವಿರತಿ. ಹೊರಗಿನಿಂದ ಹೇರಿದ್ದು ವ್ರತವಲ್ಲ, ಬೇಡಿ.

ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಕೆಲಸ ಬಹಳವಿದೆ. ವಿದ್ಯಾರ್ಥಿನಿಲಯಗಳಲ್ಲಿ ಹುಡುಗ ಹುಡುಗಿಯರಿಗೆ ಬಾಗಿಲು ಹಾಕುವ ಹೊತ್ತು ಒಂದೇ ಇರಲಿ. ರಾತ್ರಿಭೋಜನ ತ್ಯಜಿಸಿದ ಉದ್ಯೋಗಸ್ಥೆಯರಿಗೆ ಸೂರ್ಯಾಸ್ತಕ್ಕೆ ಮುನ್ನ ಬುತ್ತಿ ಸಿಗುವ ಏರ್ಪಾಡಾಗಲಿ. ವರ್ಷಕ್ಕೊಂದು ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ವ್ಯಯಿಸುವ ಟ್ರಸ್ಟುಗಳು ಸಂಗೀತಕ್ಕೆ, ಆಟಕ್ಕೆ, ವಾಚನಾಲಯಕ್ಕೆ ಹೆಣ್ಣುಮಕ್ಕಳಿಗೆ ಒಂದು ಕೋಣೆ ತೆರೆದಿಡಲಿ. ಆಡಳಿತ ಮಂಡಳಿಯಲ್ಲಿ ಅವರಿಗೂ ಸ್ಥಾನವಿರಲಿ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಸೇರಿದರಷ್ಟೇ ಚತುರ್ವಿಧ ಸಂಘ. ಅದರ ನಾಲ್ಕನೆಯ ಅಂಗವನ್ನು ಖೋಟಾ ತೂಕದಲ್ಲಿ ತೂಗುತ್ತಿರುವಷ್ಟು ಕಾಲ ಯಾವ ಪೂಜೆಯ ಲೆಕ್ಕವೂ ತಾಳೆಯಾಗದು.