ಬಾಗಿಲ ಹಿಂದಿನ ಏಪ್ರನ್

ಈಚೆಗೆ ಊರಿಗೆ, ಗುತ್ತಲಕ್ಕೆ ಹೋಗಿದ್ದೆ. ಎರಡು ದಿನ ರಜೆ, ಆಮೇಲೆ ಎರಡು ವಾರ ವರ್ಕ್ ಫ್ರಮ್ ಹೋಮ್ ಅನ್ನೋ ಲೆಕ್ಕ. ಮೂರನೇ ದಿನವೇ ಅಕ್ಕನ ಮಗ, ನಾಲ್ಕು ವರ್ಷದವನು, ಕಟ್ಟೆ ಮೇಲಿಂದ ಬಿದ್ದು ಕೈ ಊದಿಸಿಕೊಂಡ. ಲ್ಯಾಪ್‌ಟಾಪ್ ಮುಚ್ಚಿ ತಾಯಿ-ಮಗ ಇಬ್ಬರನ್ನೂ ಕರ್ಕೊಂಡು ಎಕ್ಸ್‌ರೇಗೆ ಓಡಿದೆ. ಯಾವ ಕ್ಲಿನಿಕ್ ಅನ್ನೋದು ಬೇಡ, ಇಂಥವು ಎಲ್ಲ ಊರಲ್ಲೂ ಇವೆ.

"ಹುಡುಗ ಅಳ್ಳಾಡ್ತಾನ್ರಿ, ಯಾರರ ಒಬ್ರು ಹಿಡ್ಕೋಬೇಕು" ಅಂದ್ರು ಟೆಕ್ನಿಷಿಯನ್. ಅಕ್ಕ ಮುಂದೆ ಬಂದಳು. ಅವರು ತಡೆದು ಕೇಳಿದ್ರು: "ಅಕ್ಕಾರ, ಏನರ ವಿಶೇಷ ಐತೇನ್ರಿ?"

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ನೆಲ ನೋಡಿದಳು. "ಎರಡು ತಿಂಗಳ್ರಿ" ಅಂದಳು ಮೆಲ್ಲಗೆ. ಅವ್ವನಿಗೂ ಇನ್ನೂ ಹೇಳಿರಲಿಲ್ಲವಂತೆ.

"ಹಂಗಾರ ನೀವು ಹೊರಗ ಕುಂದರ್ರಿ. ಸರ್, ನೀವು ಬರ್ರಿ."

ಬಾಗಿಲ ಹಿಂದೆ ಸ್ಟೂಲಿನ ಮೇಲೆ ನಾಲ್ಕು ಮಡಿಕೆ ಮಾಡಿಟ್ಟ ಏಪ್ರನ್, ಅದರ ಮೇಲೊಂದು ರಿಜಿಸ್ಟರ್. ತೆಗೆದು ಹಾಕ್ಕೊಂಡೆ. ಹೆಗಲು ಜಗ್ಗುವಷ್ಟು ಭಾರ. ಹೊಟ್ಟೆಯ ಹತ್ತಿರ ಅಡ್ಡಡ್ಡ ಗೆರೆಗಳು. ಭಾರ ಇದೆ ಅಂದಮೇಲೆ ಭದ್ರವೂ ಇರುತ್ತೆ ಅಂದ್ಕೊಂಡೆ.

ಎಲುಬಿನಲ್ಲಿ ಸಣ್ಣ ಬಿರುಕು ಇತ್ತು, ಪ್ಲಾಸ್ಟರ್ ಹಾಕಿದ್ರು. ಹೊರಡುವಾಗ ಕೇಳಿದೆ: "ಅಣ್ಣಾರ, ಇದನ್ನ ಹಿಂಗ ಮಡಿಚಿ ಇಡಬಹುದೇನ್ರಿ?"

"ಇಡಬಾರದು, ಗೊತ್ತೈತ್ರಿ. ಮೊಳೆಗೆ ಹಾಕಿದ್ರ ಭಾರಕ್ಕ ಹೆಗಲ ಹರೀತೈತಿ. ಸ್ಟ್ಯಾಂಡ್ ಕೇಳೀನಿ, ಬಂದಿಲ್ಲ."

ಆ ರಾತ್ರಿ ಕೂತು ಓದಿದೆ. ಏಪ್ರನ್ ಒಳಗಿರೋದು ಸೀಸದ ತಗಡಲ್ಲ. ರಬ್ಬರ್ ಅಥವಾ ವಿನೈಲ್‌ನಲ್ಲಿ ಸೀಸದ ಪುಡಿ ಬೆರೆಸಿ ಮಾಡಿದ ಹಾಳೆ. ಈಗೀಗ ತವರ, ಟಂಗ್‌ಸ್ಟನ್, ಬಿಸ್ಮತ್ ಬೆರೆಸಿದ ಹಗುರ ಏಪ್ರನ್‌ಗಳೂ ಬರ್ತವೆ. ಮೇಲೆ ಬರೆದಿರುವ 0.25 ಅಥವಾ 0.5 ಮಿ.ಮೀ. ಅನ್ನೋದು ಅಷ್ಟು ದಪ್ಪದ ಸೀಸಕ್ಕೆ ಸಮ ಅಂತ. ರೋಗಿಯ ಮೈಗೆ ಬಡಿದು ಅತ್ತಿತ್ತ ಚದುರುವ ಕಿರಣಗಳನ್ನ ಇದು ಬಹುಪಾಲು ತಡೆಯುತ್ತೆ.

ನಮ್ಮ ಕಡೆ ಮೆಣಸಿನಕಾಯಿ ಮೇಲೆ ಹೊದಿಸೋ ತಾಡಪತ್ರಿ ನೋಡಿದ್ದೀರಲ್ಲ? ಮಡಿಚಿಟ್ಟ ಗೆರೆಯಲ್ಲೇ ಮೊದಲು ಹರಿಯೋದು. ಏಪ್ರನ್ನೂ ಹಾಗೇ. ಆದರೆ ತಾಡಪತ್ರಿ ಹರಿದರೆ ಮಳೆ ಬಂದಾಗ ಗೊತ್ತಾಗುತ್ತೆ. ಏಪ್ರನ್ ಒಳಗೆ ಸೀಳಿದರೂ ಹೊರಗಿನ ಬಟ್ಟೆ ಚೆನ್ನಾಗೇ ಕಾಣಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರರ್ ತೋರಿಸದ ಬಗ್. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಏಪ್ರನ್ನಿಗೇ ಎಕ್ಸ್‌ರೇ ತೆಗೆದು ನೋಡಬೇಕು.

ಗಾಬರಿ ಬೇಡ. ಮಗುವನ್ನ ಒಂದು ಸಲ ಹಿಡಿದವರಿಗೆ ತಗಲೋದು ತೀರಾ ಕಡಿಮೆ. ಆದರೆ ದಿನವಿಡೀ ಅಲ್ಲೇ ಇರೋರು ಟೆಕ್ನಿಷಿಯನ್. ನಮ್ಮ ದೇಶದಲ್ಲಿ ಇದನ್ನ ನೋಡಿಕೊಳ್ಳೋದು 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿ. ವಿಕಿರಣದ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಸಾರ್ವಜನಿಕರಿಗೆ 1 ಮಿಲಿಸೀವರ್ಟ್ ಮಿತಿ. ಸಿಬ್ಬಂದಿಯ ಎದೆ ಮೇಲಿನ ಪುಟ್ಟ ಬ್ಯಾಡ್ಜ್ ಇದನ್ನೇ ಲೆಕ್ಕ ಇಡೋದು. ಆದರೆ ಬ್ಯಾಡ್ಜ್ ಬರೀ ಲೆಕ್ಕ ಇಡುತ್ತೆ, ತಡೆಯೋದಿಲ್ಲ.

ಹತ್ತು ದಿನ ಬಿಟ್ಟು ಮರುತಪಾಸಣೆಗೆ ಹೋದಾಗ ಅವರೇ ಕರೆದರು. "ಸರ್, ನೋಡ್ರಿ ಇಲ್ಲಿ." ಏಪ್ರನ್ನನ್ನ ಮೇಜಿನ ಮೇಲೆ ಹರಡಿ, ಭಾಗ ಭಾಗವಾಗಿ ಎಕ್ಸ್‌ರೇ ತೆಗೆದಿದ್ದರು. ಬೆಳ್ಳಗಿನ ಚಿತ್ರದ ನಡುವೆ ಎರಡು ಕಪ್ಪು ಗೆರೆ. ಸರಿಯಾಗಿ ಮಡಿಕೆ ಬಿದ್ದ ಜಾಗ, ಸರಿಯಾಗಿ ಹೊಟ್ಟೆಯ ಎತ್ತರ. ಅಕ್ಕ ಏನೂ ಹೇಳದೆ ಇದನ್ನೇ ಹಾಕ್ಕೊಂಡು ನಿಂತಿದ್ರೆ ಅನ್ನೋದು ತಲೆಯಲ್ಲಿ ಸುಳಿದು ಹೋಯ್ತು.

ಚಿತ್ರ ನೋಡಿದ ಮೇಲೆ ಮಾಲೀಕರು ಹೊಸದಕ್ಕೆ ಒಪ್ಪಿದರಂತೆ. ಗೋಡೆಗೆ ಎರಡು ಬ್ರಾಕೆಟ್, ನಡುವೆ ದಪ್ಪನೆಯ ಪೈಪ್ ಆಗಲೇ ಬಂದಿತ್ತು. ಹೊಸ ಏಪ್ರನ್ ಅದರ ಮೇಲೆ ಸುಕ್ಕಿಲ್ಲದೆ ಇಳಿಬಿದ್ದಿತ್ತು. ಒರೆಸೋದು ಮೆತ್ತನೆ ಸೋಪಿನ ನೀರಲ್ಲಿ. ಬ್ಲೀಚ್ ಬೇಡ, ವಾಷಿಂಗ್ ಮಷಿನ್ ಅಂತೂ ಬೇಡವೇ ಬೇಡ. ಕುರ್ಚಿ ಬೆನ್ನಿಗೆ ಹಾಕಬಾರದು, ಅದರ ಮೇಲೆ ಕೂರಬಾರದು. ಹಳೆಯದನ್ನ ಕಸದ ಗಾಡಿಗೆ ಹಾಕುವಂತಿಲ್ಲ, ಒಳಗಿರೋದು ಸೀಸ. "ಬಳಸಬಾರದು" ಅಂತ ಚೀಟಿ ಅಂಟಿಸಿ ಬೇರೆ ಇಟ್ಟಿದ್ದರು.

ಮುಂದಿನ ಸಲ ಎಕ್ಸ್‌ರೇ ಕೋಣೆಗೆ ಹೋದಾಗ ಏಪ್ರನ್ ಎಲ್ಲಿದೆ ಅಂತ ಒಮ್ಮೆ ನೋಡಿ. ನೇತಾಡ್ತಾ ಇದ್ದರೆ ಒಳ್ಳೇದು, ಮಡಿಚಿದ್ದರೆ ಮೆತ್ತಗೆ ಕೇಳಿ. ಬಸುರಿ ಅನ್ನೋ ಅನುಮಾನ ಇದ್ದರೂ ಸಾಕು, ನಾಚಿಕೆ ಬಿಟ್ಟು ಮೊದಲೇ ಹೇಳಿ. ಕೇಳಿದವರು ನಮ್ಮ ಒಳ್ಳೇದಕ್ಕೇ ಕೇಳಿರ್ತಾರೆ.

ವಾಪಸ್ ಬರುವಾಗ ದಾರಿಯಲ್ಲಿ ಅಕ್ಕ ಅಂದಳು: "ತಮ್ಮಾ, ಅವ್ವಗ ನೀನ ಹೇಳು." ಹೇಳಿದೆ. ಆ ರಾತ್ರಿ ಮನೆಯಲ್ಲಿ ಹೋಳಿಗೆ.