ಕೊರಳಿನ ಬಿಡುಗಡೆ

ಚನ್ನಗಿರಿಯವರಿಗೆ ಧೋಂಡಿಯ ವಾಘನ ಹೆಸರು ಹೊಸದಲ್ಲ. ಅದೇ ಊರಿನಲ್ಲಿ ಹುಟ್ಟಿ, ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರನಾಗಿ, ಕೊನೆಗೆ ಶ್ರೀರಂಗಪಟ್ಟಣದ ಸೆರೆಮನೆ ಸೇರಿದವನು ಅವನು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಹುತಾತ್ಮರಾಗಿ ಕೋಟೆ ಬಿದ್ದಾಗ ಅವನಿಗೆ ಬಿಡುಗಡೆಯಾಯಿತು. ಕೆಲಸ ಕಳಕೊಂಡ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು, ಶಿವಮೊಗ್ಗ ಸೀಮೆಯಲ್ಲಿ ಕಂಪೆನಿಯ ವಿರುದ್ಧ ಎದ್ದ. ಶಿಕಾರಿಪುರದಲ್ಲಿ ಸೋತು ಉತ್ತರಕ್ಕೆ ಓಡಿದ. ಅಲ್ಲಿ ಮತ್ತೆ ದೊಡ್ಡ ಪಡೆ ಕಟ್ಟಿದ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಕೈಯಲ್ಲಿ ಹತನಾದ. ಅವನ ಪುಟ್ಟ ಮಗ ಸಲಾಬತ್ ಖಾನ್ ಶತ್ರುವಿನ ಆಸರೆಯಲ್ಲೇ ಬೆಳೆಯಬೇಕಾಯಿತು.

ಧೋಂಡಿಯನಿಗೆ ಧೈರ್ಯದ ಕೊರತೆ ಇರಲಿಲ್ಲ. ಆದರೆ ಅವನು ತನಗೆ ತಾನೇ ಇಟ್ಟುಕೊಂಡ ಬಿರುದು ‘ಉಭಯ ಲೋಕಾಧೀಶ್ವರ’. ಲೋಕಗಳ ಒಡೆತನ ಯಾರದೆಂದು ನಾವು ದಿನಕ್ಕೆ ಐದು ಹೊತ್ತು ನಮಾಝಿನಲ್ಲಿ ಹೇಳುತ್ತೇವೆ. ಅವನ ಪಡೆಯೂ ಹಳ್ಳಿಗಳನ್ನು ಸುಲಿಯುತ್ತಲೇ ಸಾಗಿತ್ತು. ಎದ್ದವನು ಯಾರಿಗಾಗಿ ಎದ್ದ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ.

ಧೋಂಡಿಯ ಸತ್ತ ಅದೇ 1800ರ ಮೇ 9ರಂದು ಅಮೆರಿಕದಲ್ಲಿ ಜಾನ್ ಬ್ರೌನ್ ಎಂಬವನು ಹುಟ್ಟಿದ. ಅವನದೂ ಬಂಡಾಯ, ಅವನದೂ ಸೋಲು. ಆದರೆ ಅವನು ಎದ್ದದ್ದು ತನಗಾಗಿ ಅಲ್ಲ. ಬಿಳಿಯ ಕ್ರೈಸ್ತನಾದ ಅವನು ಕರಿಯ ಗುಲಾಮರ ಬಿಡುಗಡೆಗೆ ಜೀವ ಕೊಟ್ಟ. ಚರ್ಮ ಹದಮಾಡುವ ಕಸುಬು, ಕುರಿ ಸಾಕಣೆ ಎಲ್ಲದರಲ್ಲೂ ಕೈಸುಟ್ಟುಕೊಂಡವನು; ಇಬ್ಬರು ಹೆಂಡತಿಯರಲ್ಲಿ 20 ಮಕ್ಕಳ ತಂದೆ. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಮಂದಿ ದನಕರುಗಳಂತೆ ಮಾರಲ್ಪಡುತ್ತಿದ್ದರು. ಇದನ್ನು ಕತ್ತಿಯಿಂದಲೇ ಕೊನೆಗಾಣಿಸಬೇಕೆಂದು ಅವನು ನಂಬಿದ. 1856ರಲ್ಲಿ ಕ್ಯಾನ್ಸಸ್‌ನಲ್ಲಿ ಗುಲಾಮಗಿರಿಯ ಪರವಾಗಿದ್ದ ಐವರನ್ನು ರಾತ್ರಿ ಮನೆಯಿಂದ ಎಳೆತರಿಸಿ ಕೊಲ್ಲಿಸಿದ. ಇದನ್ನು ಒಪ್ಪಲಾಗದು. ದಬ್ಬಾಳಿಕೆಯ ಮೇಲಿನ ಸಿಟ್ಟು ಕೊಲೆಯನ್ನು ಹಲಾಲ್ ಮಾಡುವುದಿಲ್ಲ.

1859ರಲ್ಲಿ ಅವನು ಹಾರ್ಪರ್ಸ್ ಫೆರ್ರಿ ಎಂಬ ಊರಿನ ಸರಕಾರಿ ಆಯುಧ ಕಾರ್ಖಾನೆಯ ಮೇಲೆ ಕಣ್ಣಿಟ್ಟ. ಅದು ಕೈವಶವಾದರೆ ಸುತ್ತಲಿನ ಗುಲಾಮರು ಓಡಿಬಂದು ಸೇರುತ್ತಾರೆ, ಅವರ ಕೈಗೆ ಆಯುಧ ಕೊಟ್ಟು ಬೆಟ್ಟ ಹತ್ತಬಹುದು ಎಂಬುದು ಲೆಕ್ಕ. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕನಾಗಿದ್ದ ಫ್ರೆಡರಿಕ್ ಡಗ್ಲಾಸ್, ‘ನೀವು ಬಲೆಗೆ ಬೀಳುತ್ತೀರಿ’ ಎಂದು ಎಚ್ಚರಿಸಿ ಹಿಂದೆ ಸರಿದ. ಬ್ರೌನ್ ಕೇಳಲಿಲ್ಲ. ಹತ್ತಿರದಲ್ಲೇ ಒಂದು ತೋಟದ ಮನೆ ಬಾಡಿಗೆಗೆ ಹಿಡಿದು ಜನರನ್ನು ಅಡಗಿಸಿಟ್ಟ. ನೆರೆಯವರಿಗೆ ಸಂಶಯ ಬಾರದಂತೆ ಅಡಿಗೆ, ಮನೆಗೆಲಸ, ಕಾವಲು ನೋಡಿಕೊಂಡವರು ಇಬ್ಬರು ಹುಡುಗಿಯರು: 15ರ ಮಗಳು ಆ್ಯನಿ, ಗರ್ಭಿಣಿ ಸೊಸೆ ಮಾರ್ಥಾ.

ಅವನ ಜೊತೆಗಿದ್ದ 21 ಮಂದಿಯಲ್ಲಿ ಐವರು ಕರಿಯರು. ಅವರಲ್ಲೊಬ್ಬ ಡೇಂಜರ್‌ಫೀಲ್ಡ್ ನ್ಯೂಬಿ. ಅವನಿಗೆ ಸ್ವಾತಂತ್ರ್ಯ ಸಿಕ್ಕಿತ್ತು. ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ಮಾತ್ರ ವರ್ಜೀನಿಯಾದಲ್ಲಿ ಒಬ್ಬ ಯಜಮಾನನ ಸೊತ್ತಾಗಿದ್ದರು. ಆಕೆ ಗಂಡನಿಗೆ ಪತ್ರ ಬರೆಯುತ್ತಿದ್ದಳು. ಯಜಮಾನನಿಗೆ ಹಣದ ಅಡಚಣೆಯಾಗಿದೆ, ನಮ್ಮನ್ನು ಬೇರೆಯವರಿಗೆ ಮಾರಿಬಿಟ್ಟಾನು, ಬೇಗ ಬಂದು ನೀವೇ ಕೊಂಡುಕೊಳ್ಳಿ ಎಂದು ಬೇಡಿಕೊಂಡಿದ್ದಳು. ತನ್ನನ್ನು ಕೊಂಡುಕೊಳ್ಳಿರೆಂದು ಹೆಂಡತಿ ಗಂಡನಿಗೆ ಬರೆಯಬೇಕಾದ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ, ಸಹೋದರಿಯರೇ.

ಅಕ್ಟೋಬರ್ 16ರ ರಾತ್ರಿ ದಾಳಿ ನಡೆಯಿತು. ಕಾರ್ಖಾನೆಯೇನೋ ಕೈಗೆ ಬಂತು, ಗುಲಾಮರು ಮಾತ್ರ ಬರಲಿಲ್ಲ. ಅವರಿಗೆ ಮೊದಲೇ ತಿಳಿಸಿದವರು ಯಾರು? ಗುರುತಿಲ್ಲದ ಬಿಳಿಯನೊಬ್ಬ ನಡುರಾತ್ರಿ ಕರೆದರೆ ಹೆಂಡತಿ ಮಕ್ಕಳನ್ನು ಬಿಟ್ಟು ಹೊರಡುವುದು ಹೇಗೆ? ದಾಳಿಗೆ ಮೊದಲು ಬಲಿಯಾದವನು ರೈಲ್ವೆಯಲ್ಲಿ ದುಡಿಯುತ್ತಿದ್ದ ಹೇವರ್ಡ್ ಶೆಫರ್ಡ್ ಎಂಬ ಸ್ವತಂತ್ರ ಕರಿಯ. ಅಕ್ಟೋಬರ್ 18ರ ಬೆಳಿಗ್ಗೆ ಸರಕಾರಿ ಸೈನಿಕರು ಬಾಗಿಲು ಮುರಿದು ಬ್ರೌನ್‌ನನ್ನು ಹಿಡಿದರು. ಅವನ ಇಬ್ಬರು ಗಂಡುಮಕ್ಕಳು ಸತ್ತರು. ನ್ಯೂಬಿಯೂ ಸತ್ತ, ಹ್ಯಾರಿಯೆಟ್‌ಳ ಪತ್ರಗಳು ಅವನ ಬಳಿ ಸಿಕ್ಕಿದವು. ಡಿಸೆಂಬರ್ 2ರಂದು ಬ್ರೌನ್‌ನನ್ನು ಗಲ್ಲಿಗೇರಿಸಲಾಯಿತು. ಹೆಂಡತಿ ಮೇರಿ ಹಿಂದಿನ ಸಂಜೆ ಬಂದು ಮಾತಾಡಿಸಿ, ಮರುದಿನ ಹೆಣ ಪಡೆದು ಊರಿಗೆ ಹೊರಟಳು. ಸೊಸೆ ಮಾರ್ಥಾಳೂ ಅವಳ ಹಸುಗೂಸೂ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಹ್ಯಾರಿಯೆಟ್ ಹೆದರಿದ್ದೇ ಆಯಿತು. ದೂರದ ಲೂಸಿಯಾನಾಕ್ಕೆ ಮಾರಲ್ಪಟ್ಟಳು.

ಆ ಸೋಲು ವ್ಯರ್ಥವಾಯಿತೆಂದು ಹೇಳಲಾಗದು. ಅವನ ಸಾವು ದೇಶವನ್ನೇ ಕದಡಿತು. 1861ರಲ್ಲಿ ಅಂತರ್ಯುದ್ಧ ಶುರುವಾಗಿ 1865ರಲ್ಲಿ ಗುಲಾಮಗಿರಿ ಕಾನೂನಿನಿಂದಲೇ ಹೋಯಿತು. ನಿಯ್ಯತ್ ಪರರ ಹಿತದ್ದಾಗಿದ್ದರೆ ಸೋತವನ ಕೆಲಸವೂ ಉಳಿಯುತ್ತದೆ. ಆದರೆ ಯಾರಿಗಾಗಿ ಎದ್ದನೋ ಅವರ ಮಾತನ್ನು ಅವನು ಕೇಳದಿದ್ದುದರಿಂದ ಹ್ಯಾರಿಯೆಟ್‌ಳ ಪತ್ರಕ್ಕೆ ಉತ್ತರ ಸಿಗದೇ ಹೋಯಿತು.

ಅಂಥದೇ ಕೋರಿಕೆಯೊಂದು ಮದೀನಾದ ಒಂದು ಮನೆಗೂ ಬಂದಿತ್ತು. ಗುಲಾಮಳಾಗಿದ್ದ ಬರೀರಾ(ರ) ಕಂತಿನಲ್ಲಿ ಹಣ ಕೊಟ್ಟು ಬಿಡುಗಡೆ ಹೊಂದುವ ಕರಾರು ಮಾಡಿಕೊಂಡು, ಸಹಾಯ ಕೇಳಲು ಹಝ್ರತ್ ಆಯಿಶಾ(ರ) ಅವರ ಬಳಿ ಬಂದರು. ಆಯಿಶಾ(ರ) ಪೂರ್ತಿ ಹಣ ಕೊಟ್ಟು ಅವರನ್ನು ಬಿಡಿಸಿದರು. ಕತೆ ಅಲ್ಲಿಗೇ ಮುಗಿಯುವುದಿಲ್ಲ. ಸ್ವತಂತ್ರಳಾದ ಬರೀರಾ ಗುಲಾಮನಾಗಿದ್ದ ಗಂಡ ಮುಗೀಸ್‌ರ ಜೊತೆ ಬಾಳಲು ಒಪ್ಪಲಿಲ್ಲ. ಅಳುತ್ತಾ ಹಿಂದೆ ಅಲೆಯುತ್ತಿದ್ದ ಅವರನ್ನು ಕಂಡು ಪ್ರವಾದಿ(ಸ)ಯವರೇ ಶಿಫಾರಸು ಮಾಡಿದರು. ಇದು ಆಜ್ಞೆಯೇ ಎಂದು ಬರೀರಾ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂದಾಗ ಬೇಡವೆಂದರು. ಯಾರೂ ಅವರನ್ನು ಗದರಿಸಲಿಲ್ಲ. ನಿನ್ನೆಯ ಗುಲಾಮಳ ‘ಬೇಡ’ ಎಂಬ ಮಾತಿಗೂ ಅಲ್ಲಿ ಬೆಲೆಯಿತ್ತು.

ಪವಿತ್ರ ಕುರ್‌ಆನ್ ಕೊರಳು ಬಿಡಿಸುವುದನ್ನು ಕಡಿದಾದ ದಾರಿ ಏರುವ ಕೆಲಸವೆಂದು ಕರೆದಿದೆ. ಝಕಾತ್‌ನಲ್ಲಿ ಅದಕ್ಕೊಂದು ಪಾಲು ಇಟ್ಟಿದೆ. ಗುಲಾಮರು ಈಗೆಲ್ಲಿದ್ದಾರೆ ಎನ್ನಬೇಡಿ. ನಮ್ಮ ದೇಶದಲ್ಲಿ ಜೀತ ನಿಷೇಧದ ಕಾಯ್ದೆ ಬಂದದ್ದೇ 1976ರಲ್ಲಿ. ಕಾಯ್ದೆ ಬಂದರೂ ಮುಂಗಡದ ಹಗ್ಗ ಪೂರ್ತಿ ಹರಿದಿಲ್ಲ. ಜಗಳೂರಿನ ಬರದ ಹಳ್ಳಿಯಿಂದ ಕೂಲಿಗೆ ಹೊರಟವರಿರಲಿ, ಹೊನ್ನಾಳಿ, ನ್ಯಾಮತಿಯ ಗದ್ದೆಯಲ್ಲಿ, ಚನ್ನಗಿರಿಯ ಅಡಿಕೆ ತೋಟದಲ್ಲಿ ದುಡಿಯುವವರಿರಲಿ, ಸಾಲ ತೀರುವ ತನಕ ಬೇರೆ ಕಡೆ ಹೋಗಕೂಡದು ಎಂದರೆ ಅದು ಜೀತವೇ. ನಮ್ಮ ಮನೆಯ ಪಾತ್ರೆ ತೊಳೆಯುವವಳಿಗೆ ಮಗಳ ಮದುವೆಗೆಂದು ಕೊಟ್ಟ ಹಣವನ್ನೇ ನೆಪವಾಗಿಟ್ಟು ಹಬ್ಬದ ದಿನವೂ ರಜೆ ಕೊಡದಿದ್ದರೆ, ಆ ಹಗ್ಗದ ತುದಿ ನಮ್ಮ ಕೈಯಲ್ಲೇ ಇದೆ.

ಕತ್ತಿ ಹಿಡಿಯುವ ಕೆಲಸ ನಮ್ಮದಲ್ಲ. ಈ ತಿಂಗಳು ಅವಳ ಲೆಕ್ಕದ ಚೀಟಿ ತೆಗೆದು ನೋಡೋಣ. ಆಗುವುದಾದರೆ ಉಳಿದದ್ದನ್ನು ಬಿಟ್ಟುಬಿಡೋಣ. ಆಮೇಲೂ ಅವಳು ಬರುವುದಿದ್ದರೆ ತನ್ನ ಮನಸ್ಸಿನಿಂದ ಬರಲಿ.