ಅಭಯದಾನಕ್ಕೆ ಪಟ್ಟಿ ಉಂಟೇ?

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ಜೈನ ಪರಂಪರೆಯು ನಾಲ್ಕು ದಾನಗಳನ್ನು ಹೇಳುತ್ತದೆ. ಇವುಗಳಲ್ಲಿ ಅಭಯದಾನವು ಸಕಲ ಜೀವಿಗಳಿಗೂ ಸಲ್ಲತಕ್ಕದ್ದು. ಬೆದರಿ ಬಂದ ಜೀವದ ಕುಲಗೋತ್ರಗಳನ್ನು ಅದು ವಿಚಾರಿಸುವುದಿಲ್ಲ. ಆದರೆ ರಾಜ್ಯಗಳು ವಿಚಾರಿಸುತ್ತಲೇ ಬಂದಿವೆ. ಇದಕ್ಕೆ ನಿದರ್ಶನಗಳು ಕರ್ನಾಟಕದ ನೆಲದಲ್ಲಿಯೇ ಇವೆ.

1959ರ ನಂತರ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರವು ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿಯನ್ನು ಗುತ್ತಿಗೆಯ ಮೇಲೆ ನೀಡಿತು. 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆ ದೊರೆಯಿತು. ಒಟ್ಟಾಗಿ ಬಾಳುವ ಅವಕಾಶವಿದ್ದುದರಿಂದಲೇ ಅವರ ಭಾಷೆ, ಮಠ, ವಿದ್ಯೆಗಳು ಉಳಿದವು. ಆದರೆ ಅವರಲ್ಲಿ ಬಹುಮಂದಿ ಇಂದಿಗೂ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳುತ್ತ ಬಾಳುವ ವಿದೇಶಿಯರು.

ಸಿಂಹಳದ ಚಹಾ ತೋಟಗಳ ತಮಿಳರ ಕಥೆ ಇದಕ್ಕೆ ವಿಪರೀತವಾದುದು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದವು 5,25,000 ಜನರನ್ನು ಭಾರತದ ಪಾಲಿಗೆ ಎಣಿಸಿತು. ಅವರಲ್ಲಿ ಕೆಲವರು ಸುಳ್ಯ, ಪುತ್ತೂರು ಸೀಮೆಯ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದರು. ಅವರಿಗೆ ಪೌರತ್ವ ದೊರೆಯಿತು. ಆದರೆ ಬೈಲುಕುಪ್ಪೆಯಂತೆ ಉಳುವ ನೆಲವಲ್ಲ, ತೋಟದ ದುಡಿಮೆ ದೊರೆಯಿತು. 1983ರ ಬಳಿಕ ಕಡಲು ದಾಟಿ ಬಂದ ಲಂಕಾ ತಮಿಳರಲ್ಲಿ ಅನೇಕರಿಗೆ ನೆಲವೂ ಇಲ್ಲ, ಪೌರತ್ವವೂ ಇಲ್ಲ; ತಮಿಳುನಾಡಿನ ಶಿಬಿರಗಳೇ ಗತಿಯಾದವು.

ಒಬ್ಬರಿಗೆ ನೆಲ, ಒಬ್ಬರಿಗೆ ಹಕ್ಕು, ಮತ್ತೊಬ್ಬರಿಗೆ ಎರಡೂ ಇಲ್ಲವೆಂಬ ಈ ತಾರತಮ್ಯವನ್ನು ಅವರವರ ಸಂಕಟದ ತೂಕ ನಿರ್ಣಯಿಸಲಿಲ್ಲ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನನ್ನೂ ರಚಿಸಿಲ್ಲ. ಕಾನೂನಿಲ್ಲದೆಡೆ ದಯೆಯು ಆಳುವವರ ಇಚ್ಛೆಗೂ ನೆರೆರಾಜ್ಯಗಳ ಸಂಬಂಧಕ್ಕೂ ಅಧೀನವಾಗುತ್ತದೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಮೂರು ದೇಶಗಳನ್ನೂ ಆರು ಧರ್ಮಗಳನ್ನೂ ಹೆಸರಿಸಿತು. ಆ ಅಲ್ಪಸಂಖ್ಯಾತರ ಸಂಕಟ ಸತ್ಯವಾದುದೇ. ಅವರಿಗೆ ಆಶ್ರಯ ಸಲ್ಲಲೇಬೇಕು. ಆದರೆ ಬೈಲುಕುಪ್ಪೆಯ ಬೌದ್ಧ, ಶಿಬಿರದ ತಮಿಳ, ಮ್ಯಾನ್ಮಾರಿನ ರೋಹಿಂಗ್ಯಾ ಆ ಪಟ್ಟಿಯ ಹೊರಗುಳಿದರು. ಜೈನರ ಹೆಸರು ಅದರೊಳಗಿದೆ. ಹೆಸರಿದೆಯೆಂಬ ನೆಮ್ಮದಿಯು ಮೌನಕ್ಕೆ ಕಾರಣವಾಗಬಾರದು. 1368ರಲ್ಲಿ ಜೈನರು ತಮ್ಮ ಸಂಕಟವನ್ನು ಬುಕ್ಕರಾಯನಲ್ಲಿ ಅರಿಕೆ ಮಾಡಿಕೊಂಡಾಗ, ಅವನು ವೈಷ್ಣವರಿಗೂ ಜೈನರಿಗೂ ಭೇದವಿಲ್ಲವೆಂದು ತೀರ್ಪಿತ್ತುದನ್ನು ಶ್ರವಣಬೆಳಗೊಳದ ಶಾಸನ ಇಂದಿಗೂ ಸಾರುತ್ತಿದೆ. ಸಂಖ್ಯೆಯಲ್ಲಿ ಅಲ್ಪರಾದವರಿಗೆ ನಿಷ್ಪಕ್ಷಪಾತವಾದ ರಕ್ಷಣೆಯ ಬೆಲೆ ಏನೆಂಬುದು ಆ ಸಮುದಾಯಕ್ಕೆ ಚೆನ್ನಾಗಿ ತಿಳಿದಿದೆ.

ಆದುದರಿಂದ ಪಟ್ಟಿಗೆ ಇನ್ನೊಂದು ಹೆಸರನ್ನು ಸೇರಿಸಿದರೆ ಸಾಲದು. ಬಂದವನು ಯಾರೆಂದು ಕೇಳುವ ಮೊದಲು, ಯಾವ ಭಯದಿಂದ ಬಂದನೆಂದು ಕೇಳುವ ಕಾನೂನು ಬೇಕು.